ಎಂ.ಇಡಿ. ಅರ್ಜಿಯಲ್ಲಿ ಬರೆದ ಗುರಿ ಎರಡನೇ ಸೆಮಿಸ್ಟರ್ ದಾಟೋದಿಲ್ಲ

ಕಲಬುರಗಿ ಕಡೆ ಎಂ.ಇಡಿ. ಅರ್ಜಿ ಹಿಡಿದು ನಿಂತ ಮಾಸ್ತರರನ್ನ "ಯಾಕ ಸೇರಾಕತ್ತೀರಿ ಸರ್?" ಅಂತ ಕೇಳಿ ನೋಡಿ. ಹೆಚ್ಚಿನವರ ಉತ್ತರ ಒಂದೇ: "ಲೆಕ್ಚರರ್ ಆಗ್ಬೇಕ್ರಿ." ಗುರಿ ತಪ್ಪೇನಲ್ಲ. ಅದಕ್ಕೆ ಯಾವ್ಯಾವ ಕಾಗದ ಬೇಕು ಅನ್ನೋದನ್ನ ಅರ್ಜಿ ತುಂಬುವ ಮೊದಲೇ ಎಣಿಸಿಕೊಳ್ಳದಿರೋದು ತಪ್ಪು.

ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ) 2014ರ ನಿಯಮದ ಪ್ರಕಾರ ಬಿ.ಇಡಿ. ಕಾಲೇಜಿನಲ್ಲಿ ಗಣಿತ, ವಿಜ್ಞಾನ, ಭಾಷೆಯ ಮೆಥಡ್ (ಬೋಧನಾ ವಿಧಾನದ) ಪಾಠ ಮಾಡೋಕೆ ಎಂ.ಇಡಿ. ಒಂದೇ ಸಾಲದು. ಆ ವಿಷಯದ ಸ್ನಾತಕೋತ್ತರ ಪದವಿಯೂ ಬೇಕು, ಎರಡರಲ್ಲೂ ಶೇ 55 ಅಂಕ ಇರಬೇಕು. ಬಿ.ಎ., ಬಿ.ಇಡಿ. ಮುಗಿಸಿ ನೇರ ಎಂ.ಇಡಿ.ಗೆ ಬಂದವರು ಸಿಕ್ಕಿಬೀಳೋದು ಇಲ್ಲೇ. ಎಂ.ಎ.ಯಲ್ಲಿ ಶೇ 53 ಬಂದವರದ್ದೂ ಅದೇ ಪಾಡು. ಇದರ ಮೇಲೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇರೆ: ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, ಮೂರು ತಾಸು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ನೇಮಕಾತಿಯ ಸಾಲಿನಲ್ಲಿ ಜಾಗ ಕೊಡುತ್ತದೆ, ಅರ್ಹತೆಯನ್ನಲ್ಲ.

ಹಾಜರಿಯದ್ದು ಇನ್ನೊಂದು ಲೆಕ್ಕ. ಎರಡು ವರ್ಷದ ಕೋರ್ಸಿನಲ್ಲಿ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ. ತರಗತಿಗೆ ಶೇ 80, ಕ್ಷೇತ್ರಕಾರ್ಯಕ್ಕೆ ಶೇ 90 ಹಾಜರಿ. ಸೇವೆಯಲ್ಲಿರುವವರು ಮೊದಲು ಇಲಾಖೆಯ ಅನುಮತಿ ಪಡೆದು, ರಜೆ ಮಂಜೂರು ಮಾಡಿಸಿಕೊಂಡು, ಆಮೇಲೆ ಸೀಟಿನ ಫೀ ಕಟ್ಟಬೇಕು. ಔರಾದ್‌ನ ಶಾಲೆಯಲ್ಲೂ ಕಲಬುರಗಿಯ ಕಾಲೇಜಿನಲ್ಲೂ ಒಂದೇ ದಿನ ಸಹಿ ಬಿದ್ದರೆ ಆ ಪದವಿಯನ್ನ ಸೇವಾ ಪುಸ್ತಕಕ್ಕೆ ಏರಿಸುವಾಗ ಉತ್ತರ ಕೊಡೋದು ಕಷ್ಟ.

ಗುರಿ ನಿಜಕ್ಕೂ ಬದಲಾಗೋದು ಎಂ.ಇಡಿ.ಯ ಸಂಶೋಧನಾ ಪ್ರಬಂಧದ ವಿಷಯ ಆರಿಸುವಾಗ. "ಶಿಕ್ಷಕರ ವೃತ್ತಿ ತೃಪ್ತಿ" ಅಂತ ವಿಷಯ ಹಿಡಿದು, ಸ್ಟಾಫ್‌ರೂಮಿನಲ್ಲಿ ಪ್ರಶ್ನಾವಳಿ ಹಂಚಿ, ಎಲ್ಲರೂ ಚಹಾ ಕುಡಿಯುತ್ತ ಒಂದೇ ಥರ ಟಿಕ್ ಹಾಕಿದ ಹಾಳೆ ತಂದರೆ ಪದವಿ ಸಿಗುತ್ತದೆ, ಬೇರೇನೂ ಸಿಗೋದಿಲ್ಲ. ಅದರ ಬದಲು ಸ್ವಂತ ತರಗತಿಯ ಹಾಜರಿ ಪುಸ್ತಕ ತೆಗೆದು, ಗೈರುಹಾಜರಿಯನ್ನ ತಿಂಗಳುವಾರು ಕೂಡಿಸಿ. ಯಾದಗಿರಿಯ ಕಡೆ ಹತ್ತಿ ಬಿಡಿಸುವ ತಿಂಗಳಲ್ಲಿ, ಚಿಂಚೋಳಿ, ಆಳಂದದ ಕಡೆ ತೊಗರಿ ರಾಶಿಯ ಹೊತ್ತಿಗೆ, ತಾಂಡಾಗಳಲ್ಲಿ ಜನ ಮುಂಬೈ, ಪುಣೆಗೆ ದುಡಿಯೋಕೆ ಹೊರಟಾಗ ಯಾವ ಮಕ್ಕಳ ಸಾಲು ಖಾಲಿ ಬೀಳುತ್ತದೆ ಅನ್ನೋದು ಅಲ್ಲೇ ಕಾಣುತ್ತದೆ.

ಉದಾಹರಣೆಗೆ ನಾಲ್ಕನೇ ತರಗತಿಯ ಓದುವ ವೇಗದ ಮೇಲೆ ಪ್ರಯೋಗ ಅಂತಿಟ್ಟುಕೊಳ್ಳಿ. ಪಠ್ಯಪುಸ್ತಕದ ಪಾಠ ಬೇಡ, ಅದು ಮಕ್ಕಳಿಗೆ ಬಾಯಿಪಾಠ ಆಗಿರುತ್ತದೆ. 60 ಪದಗಳ ಎರಡು ಹೊಸ ತುಣುಕು ಬರೆಯಿರಿ. ಒತ್ತಕ್ಷರದ ಪದಗಳ ಸಂಖ್ಯೆ ಎರಡರಲ್ಲೂ ಸಮ ಇರಲಿ. ಪೂರ್ವಪರೀಕ್ಷೆಯಲ್ಲಿ ಅರ್ಧ ಮಕ್ಕಳಿಗೆ ಒಂದು, ಇನ್ನರ್ಧಕ್ಕೆ ಮತ್ತೊಂದು; ನಂತರದ ಪರೀಕ್ಷೆಯಲ್ಲಿ ಅದಲುಬದಲು. ಮಗು ಒಂದು ನಿಮಿಷ ಓದಲಿ, ನಿಮ್ಮ ಪ್ರತಿಯ ಮೇಲೆ ಗುರುತು ಹಾಕುತ್ತ ಹೋಗಿ. ತಾನೇ ತಿದ್ದಿಕೊಂಡಿದ್ದು ತಪ್ಪಲ್ಲ. "ಬಂದಿದ್ದಾರೆ" ಅಂತ ಅಚ್ಚಾಗಿದ್ದನ್ನ ಮಗು "ಬಂದಾರ" ಅಂತ ಓದಿದರೆ ಅದನ್ನ ಬೇರೆ ಕಾಲಂನಲ್ಲಿ ಬರೆಯಿರಿ. ಅಕ್ಷರ ಗುರುತಿಸಿ, ಅರ್ಥ ಹಿಡಿದು, ಮನೆಮಾತಿನಲ್ಲಿ ಹೇಳಿದ ಮಗು ಅದು. ಒತ್ತಕ್ಷರ ಬಂದಲ್ಲಿ ನಿಂತೇ ಹೋಗುವ ಮಗುವಿನ ಜತೆ ಅದನ್ನ ಸೇರಿಸಿಬಿಟ್ಟರೆ ಪರಿಹಾರ ಬೋಧನೆ ಯಾರಿಗೆ ಬೇಕು ಅನ್ನೋದೇ ತಪ್ಪಿಹೋಗುತ್ತದೆ.

ಕೆಡೋದು ಹೆಚ್ಚಾಗಿ ವೇಳಾಪಟ್ಟಿಯಲ್ಲಿ. ಜುಲೈನಲ್ಲಿ 32 ಮಕ್ಕಳಿಗೆ ಪೂರ್ವಪರೀಕ್ಷೆ, ಡಿಸೆಂಬರ್‌ನಲ್ಲಿ ಉಳಿದ 21 ಮಕ್ಕಳಿಗೆ ನಂತರದ ಪರೀಕ್ಷೆ ಅಂದುಕೊಳ್ಳಿ. ಹೊಲಕ್ಕೆ, ಗುಳೆಗೆ ಹೋದ 11 ಮಕ್ಕಳಲ್ಲಿ ನಿಧಾನ ಓದುವವರೇ ಜಾಸ್ತಿ ಇದ್ದರೆ, ಒಂದಕ್ಷರ ಕಲಿಸದಿದ್ದರೂ ಸರಾಸರಿ ತಾನಾಗೇ ಏರುತ್ತದೆ. ಟಿ-ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಅಂತ ನೋಡುವ ಲೆಕ್ಕ) ಮುಗ್ಧವಾಗಿ "ಗಮನಾರ್ಹ ವ್ಯತ್ಯಾಸ" ಅಂದುಬಿಡಬಹುದು! ಎರಡೂ ಪರೀಕ್ಷೆ ಬರೆದ 21 ಮಕ್ಕಳ ಅಂಕವನ್ನಷ್ಟೇ ಜೋಡಿ ಜೋಡಿಯಾಗಿ ಹೋಲಿಸಿ. ಹೋದ 11 ಮಕ್ಕಳ ಪೂರ್ವಪರೀಕ್ಷೆಯ ಸರಾಸರಿಯನ್ನ ಪ್ರತ್ಯೇಕ ಕೋಷ್ಟಕದಲ್ಲಿ ಕೊಡಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಆ ಕೋಷ್ಟಕವೇ ನಿಮ್ಮನ್ನ ಕಾಪಾಡುತ್ತದೆ. ಇನ್ನೂ ಒಳ್ಳೆಯದು, ಎಂಟು ವಾರದ ಪ್ರಯೋಗವನ್ನ ಜುಲೈ ಮೊದಲ ವಾರ ಹಿಡಿದು ದಸರಾ ರಜೆಗೆ ಮುಂಚೆಯೇ ಮುಗಿಸೋದು.

ಮುಖ್ಯಗುರುಗಳ ಲಿಖಿತ ಒಪ್ಪಿಗೆ, ಮಕ್ಕಳ ಹೆಸರಿನ ಬದಲು ಸಂಕೇತ ಸಂಖ್ಯೆ: ಇವು ಹೇಳಬೇಕಾದ್ದೇನಲ್ಲ, ಆದರೂ ಮರೆಯುತ್ತಾರೆ.

ಇಷ್ಟು ಮಾಡಿದವರಲ್ಲಿ ಕೆಲವರಿಗೆ ಲೆಕ್ಚರರ್ ಹುದ್ದೆಗಿಂತ ಸಿಆರ್‌ಪಿ (ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿ) ಕೆಲಸ ಹತ್ತಿರ ಕಾಣತೊಡಗುತ್ತದೆ, ಒಂದು ಶಾಲೆಯ ಲೆಕ್ಕ ಇಡೀ ಕ್ಲಸ್ಟರಿನಲ್ಲಿ ನಡೆಸಬಹುದಲ್ಲ ಅಂತ. ಕೆಲವರು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಕಡೆ ನೋಡುತ್ತಾರೆ. ಇನ್ನು ಕೆಲವರಿಗೆ ತರಗತಿಯಿಂದ ಏಳುವ ಮನಸ್ಸೇ ಹೋಗುತ್ತದೆ. ಇದನ್ನ ಸೋಲು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪ್ರತಿ ಸೆಮಿಸ್ಟರ್ ಮುಗಿದಾಗ ಒಂದು ಹಾಳೆಯಲ್ಲಿ ಆಗಿನ ಗುರಿ, ಅದಕ್ಕಿನ್ನೂ ಬೇಕಾದ ಅರ್ಹತೆ, ಅದರ ಕೊನೆಯ ದಿನಾಂಕ ಬರೆದು, ಹಳೇ ಹಾಳೆ ಹರಿಯದೆ ಅದರ ಹಿಂದೆ ಪಿನ್ ಮಾಡಿ. ಗುರಿ ಬದಲಾಯಿತೋ ಅಥವಾ ಅರ್ಹತೆ ಇಲ್ಲದ್ದಕ್ಕೆ ಕೈಬಿಟ್ಟಿರೋ ಅನ್ನೋದು ಆ ಹಾಳೆಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಗೊತ್ತಾಗುತ್ತದೆ.

ಪ್ರಬಂಧ ಸಲ್ಲಿಸಿದ ಮೇಲೂ ಗುರುತು ಹಾಕಿದ ಆ ಓದುವ ಹಾಳೆಗಳನ್ನ ರದ್ದಿಗೆ ಹಾಕಬೇಡಿ. ಗುಳೆ ಹೋದ ಮಕ್ಕಳು ಜೂನ್‌ನಲ್ಲಿ ಐದನೇ ತರಗತಿಯ ಬೆಂಚಿಗೆ ಮರಳಿ ಬಂದಾಗ ಅವರು ಓದು ಬಿಟ್ಟ ಜಾಗ ಬರೆದಿರೋದು ಅದರಲ್ಲೇ.