ಜುಲೈ ತಿಂಗಳ ಸರಾಸರಿ

ಸಕಲೇಶಪುರದ ಬಳಿಯ ನಮ್ಮ ಕಾಫಿ ತೋಟದಲ್ಲಿ ಅಪ್ಪ 1994ರಿಂದ 2013ರವರೆಗೆ ಬರೆಸಿಟ್ಟಿದ್ದ ಮಳೆ ಪುಸ್ತಕಗಳನ್ನು ಕಳೆದ ಮಳೆಗಾಲದಲ್ಲಿ ನಾನು ಕಂಪ್ಯೂಟರಿಗೆ ಏರಿಸಿದೆ. ಇಪ್ಪತ್ತು ಜುಲೈಗಳ ಸರಾಸರಿ 47.25 ಇಂಚು ಎಂದು ಬಂತು. ಅದನ್ನು ಪಕ್ಕದ ತೋಟದ ಹಿರಿಯರಿಗೆ ಹೆಮ್ಮೆಯಿಂದಲೇ ಹೇಳಿದಾಗ, "ಏನಪ್ಪಾ, ಆಗುಂಬೆಯಲ್ಲಿ ತೋಟ ತಗೊಂಡ್ರಾ?" ಎಂದು ಅವರು ನಕ್ಕುಬಿಟ್ಟರು.

ಮನೆಗೆ ಬಂದು ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಕೂಡಲೇ ತಪ್ಪು ಮೇಲೆ ಬಂದು ಕುಳಿತಿತ್ತು: ಒಂದೇ ದಿನಕ್ಕೆ 235 ಇಂಚು. ಪುಸ್ತಕದಲ್ಲಿದ್ದದ್ದು 2.35, ಬಿಂದು ನನ್ನ ಬೆರಳಿನಿಂದ ತಪ್ಪಿಸಿಕೊಂಡಿತ್ತು. ಎಲ್ಲವನ್ನೂ ಮತ್ತೆ ಕೂಡುವ ಅಗತ್ಯವಿರಲಿಲ್ಲ. ಹೆಚ್ಚಾಗಿ ಸೇರಿದ್ದ 232.65 ಇಂಚನ್ನು ಇಪ್ಪತ್ತರಿಂದ ಭಾಗಿಸಿದರೆ 11.63, ಅಷ್ಟನ್ನು ಕಳೆದಾಗ ಸರಾಸರಿ 35.62ಕ್ಕೆ ಇಳಿಯಿತು. ಕಂಪ್ಯೂಟರೂ ಅದನ್ನೇ ಹೇಳಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಮ್ಮೆ ಎಡವಿದ ಬೆರಳನ್ನು ನಂಬಲಾಗದೆ ಪುಸ್ತಕಗಳನ್ನು ಮತ್ತೆ ತೆರೆದೆ. ನಮ್ಮ ಕಡೆ ಮಳೆಯನ್ನು ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಎಂಟು ಸೆಂಟ್ ಬಿದ್ದರೆ ಅಪ್ಪ 1.08 ಎಂದು ಸೊನ್ನೆ ಹಾಕಿಯೇ ಬರೆಯುತ್ತಿದ್ದರು. 1999ರಿಂದ 2004ರವರೆಗೆ ಪುಸ್ತಕ ತೋಟದ ರೈಟರ ಕೈಯಲ್ಲಿತ್ತು. ಅವರದು 1-8 ಎಂಬ ಬರವಣಿಗೆ. ಅದರಲ್ಲಿ ತಪ್ಪೇನೂ ಇರಲಿಲ್ಲ, ಅಡ್ಡಗೆರೆಯ ಆಚೆ ಇಂಚು, ಈಚೆ ಸೆಂಟ್, ಅಷ್ಟೇ. ಅದನ್ನು 1.8 ಎಂದು ಒತ್ತಿ ಎಂಟು ಸೆಂಟನ್ನು ಎಂಬತ್ತು ಮಾಡಿದವನು ನಾನು. ಜುಲೈಯ ಮಳೆಗೆ ಒಂದು ಇಂಚು ಎಂಬತ್ತು ಸೆಂಟ್ ಸಹಜವೇ ಆದ್ದರಿಂದ, ಪಟ್ಟಿಯನ್ನು ಎಷ್ಟು ತಿರುಗಿಸಿ ಜೋಡಿಸಿದರೂ ಆ ತಪ್ಪು ಕಣ್ಣಿಗೆ ಬೀಳುವಂತಿರಲಿಲ್ಲ. ಮಳೆಯ ತೇವಕ್ಕೆ ಶಾಯಿ ಹರಡಿದ ಆ ಆರು ಜುಲೈಗಳನ್ನು ಸಾಲು ಸಾಲಾಗಿ ಓದಿಯೇ ಹುಡುಕಬೇಕಾಯಿತು. ಹದಿನೇಳು ದಿನಗಳು ಸಿಕ್ಕವು. ಒಟ್ಟಿನಲ್ಲಿ 7.65 ಇಂಚು ಇಳಿದು, ಸರಾಸರಿ 35.24ಕ್ಕೆ, ಅಂದರೆ ಸುಮಾರು 895 ಮಿಲಿಮೀಟರಿಗೆ ಬಂದು ನಿಂತಿತು.

ಮೂವತ್ತೆಂಟು ಸೆಂಟಿನ ಈ ವ್ಯತ್ಯಾಸಕ್ಕೆ ಎರಡು ಸಂಜೆಗಳು ಹೋದವು. ಪಕ್ಕದ ತೋಟದ ಹಿರಿಯರಿಗೆ ಹೊಸ ಲೆಕ್ಕವನ್ನು ಒಪ್ಪಿಸಿದಾಗ ಅವರು ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು: 35-24.