ಎಚ್ಚರಿಕೆಯ ಪಟ್ಟಿಗೆ ಸೇರಿದ ಒಂದು ಕಾರು

ಬೀದಿಯಲ್ಲಿ ನಿಂತು ದುಡಿಯುವ ಲೈಂಗಿಕ ವೃತ್ತಿನಿರತ ಮಹಿಳೆಯರ ಸಂಘಟನೆಯೊಂದರಲ್ಲಿ ನಾನು ರಾತ್ರಿ ಪಾಳಿಯ ಸ್ವಯಂಸೇವಕಿಯಾಗಿದ್ದಾಗ, ಕಾಂಡೋಮ್ ಹಂಚುವುದರ ಜೊತೆಗೆ ಇನ್ನೊಂದು ಕೆಲಸವೂ ನಮ್ಮ ಪಾಲಿಗಿತ್ತು: ಹಲ್ಲೆ ಮಾಡಿದ, ದುಡ್ಡು ಕೊಡದೆ ಬೆದರಿಸಿದ ಗಿರಾಕಿಗಳ ಚಹರೆಯನ್ನೂ ವಾಹನದ ಗುರುತನ್ನೂ ಬರೆದುಕೊಂಡು ಉಳಿದವರಿಗೆ ಮುಟ್ಟಿಸುವುದು. 1986ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಈ ವೃತ್ತಿಯವರ ಸಂಘಟನೆಯೇ ಆರಂಭಿಸಿದ ಇಂಥ ಪಟ್ಟಿ ಮುಂದೆ ಬೇರೆ ದೇಶಗಳಲ್ಲೂ ಬಳಕೆಗೆ ಬಂತು.

ಆ ರಾತ್ರಿ ನಡುವಯಸ್ಸಿನ ಒಬ್ಬರು ಮೊಣಕೈ ತರಚಿಕೊಂಡು ಬಂದರು. ಹಿಂದೆ ಇದೇ ವೃತ್ತಿಯಲ್ಲಿದ್ದ ನಮ್ಮ ಕಾರ್ಯಕರ್ತೆ ಗಾಯ ತೊಳೆಯುತ್ತಿರುವಾಗಲೇ ಅವರು ಹೇಳತೊಡಗಿದರು: "ಬಿಳಿ ಕಾರು ಅಂತ ಬರೆದರೆ ಏನೂ ಉಪಯೋಗವಿಲ್ಲ ಮೇಡಂ. ಪಕ್ಕದ ಸೀಟಿನ ಬಾಗಿಲಿಗೆ ಒಳಗಡೆ ಹಿಡಿ ಇಲ್ಲ, ಅದನ್ನ ಬರೀರಿ." ತಿರುವಿನಲ್ಲಿ ಕಾರು ನಿಧಾನವಾದಾಗ ತೆರೆದ ಕಿಟಕಿಯಿಂದ ಕೈ ಚಾಚಿ, ಹೊರಗಿನ ಹಿಡಿ ಎಳೆದು ಅವರು ಹಾರಿಕೊಂಡಿದ್ದರು.

ಹತ್ತುವ ಮೊದಲು ಹಿಂದಿನ ಸೀಟು, ಬಾಗಿಲ ಹಿಡಿ, ನಂಬರ್ ಪ್ಲೇಟ್ ನೋಡಿಕೊಳ್ಳುವುದು ಅವರ ರೂಢಿ. ಅಂದು ಗಸ್ತಿನ ಪೊಲೀಸ್ ವಾಹನ ಹತ್ತಿರದಲ್ಲೇ ಇದ್ದುದರಿಂದ ಮಾತುಕತೆಯಿಲ್ಲದೆ ಹತ್ತಿಬಿಟ್ಟಿದ್ದರು. ಅಲ್ಲಿ ಯಾಕೆ ನಿಲ್ಲಬೇಕಿತ್ತು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಅವರನ್ನು ಅಪಾಯಕ್ಕೆ ತಳ್ಳಿದ್ದು ಆ ಅವಸರ, ಅವಸರಕ್ಕೆ ಕಾರಣ ಬಂಧನದ ಭಯ. ಚೀಲದಲ್ಲಿರುವ ಕಾಂಡೋಮನ್ನೇ ಸಾಕ್ಷ್ಯವೆಂದು ಹಿಡಿಯುವ ಕಡೆಗಳಲ್ಲಿ ಅದನ್ನು ಇಟ್ಟುಕೊಳ್ಳಲೂ ಮಹಿಳೆಯರು ಹೆದರುತ್ತಾರೆ. ನ್ಯೂಜಿಲೆಂಡ್ 2003ರಲ್ಲಿ ಈ ವೃತ್ತಿಯನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. ಆ ಬಳಿಕ ಬೇಡವೆನಿಸಿದ ಗಿರಾಕಿಯನ್ನು ನಿರಾಕರಿಸುವುದು ಸುಲಭವಾಗಿದೆ ಎಂದು ಹಲವರು ಹೇಳಿದ್ದು ಅಲ್ಲಿನ ಪರಾಮರ್ಶೆ ಸಮಿತಿಯ 2008ರ ವರದಿಯಲ್ಲಿದೆ.

ಬರೆದದ್ದನ್ನು ನಾನು ಅವರಿಗೆ ಓದಿ ಹೇಳಿದೆ. ತಾವು ನಿಲ್ಲುವ ಜಾಗದ ಹೆಸರು ಬೇಡವೆಂದು ತೆಗೆಸಿದರು, ಆ ಗಂಡಸಿನ ಮುಂಗೈ ಮೇಲಿನ ಸುಟ್ಟ ಕಲೆಯನ್ನು ಸೇರಿಸಿದರು. ದೂರು ಕೊಡಲೇಬೇಕೆಂದು ಒತ್ತಾಯಿಸುವ ಆಸೆ ನನಗಿತ್ತು, ಆದರೆ ಠಾಣೆಯಲ್ಲಿ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆಂದು ಬಲ್ಲವರು ಅವರು, ತೀರ್ಮಾನವೂ ಅವರದೇ. ಬೆಳಿಗ್ಗೆ ವಕೀಲರ ಜೊತೆ ಮಾತಾಡಿ ಹೇಳುತ್ತೇನೆಂದರು. ನಾವು ವಕೀಲರ ನಂಬರ್ ಕೊಟ್ಟೆವು, ಮತ್ತು ಅವರ ಒಪ್ಪಿಗೆ ಪಡೆದು ಕಾರಿನ ವಿವರವನ್ನು ಆ ರಾತ್ರಿ ಕೆಲಸದಲ್ಲಿದ್ದ ಎಲ್ಲರ ಫೋನಿಗೂ ಕಳುಹಿಸಿದೆವು.