0–9ರಲ್ಲಿ ಸೋತ ಮ್ಯಾಚಿಗೆ ಅಷ್ಟೊಂದು ಚಪ್ಪಾಳೆ

2019ರ ಸೆಪ್ಟೆಂಬರ್ 29, ಭಾನುವಾರ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡದಲ್ಲಿ ಮ್ಯಾನೇಜರ್ ಬ್ರೂಸ್ ಬೋಚಿ ಅವರಿಗೆ ಅದು ಕೊನೇ ಮ್ಯಾಚು. ಆಫೀಸಿನ ಗೆಳೆಯ ಟಿಕೆಟ್ ತೆಗೆದಿದ್ದ, ನಾನು ಸುಮ್ನೆ ಜೊತೆಗೆ ಹೋದೆ. ಅಲ್ಲಿನ ಲೋಕಲ್ ರೈಲು ಕ್ಯಾಲ್‌ಟ್ರೈನ್ ತುಂಬಾ ತಂಡದ ಬಣ್ಣದ ಕಪ್ಪು, ಕಿತ್ತಳೆ ಅಂಗಿಗಳೇ.

ಬೇಸ್‌ಬಾಲ್‌ನಲ್ಲಿ ಯಾರು ಆಡಬೇಕು, ಪಿಚರ್‌ನ (ನಮ್ಮ ಬೌಲರ್ ಇದ್ದ ಹಾಗೆ) ಯಾವಾಗ ಬದಲಿಸಬೇಕು, ಎಲ್ಲ ಮ್ಯಾನೇಜರದ್ದೇ ತೀರ್ಮಾನ. ಮಜಾ ಏನಂದರೆ ಆಟಗಾರರ ಹಾಗೇ ಅವರಿಗೂ ಯೂನಿಫಾರ್ಮ್. 64 ವರ್ಷದ ಬೋಚಿ ಅದನ್ನೇ ಹಾಕಿಕೊಂಡು, ಕಾಲೆಳೆದುಕೊಂಡು ನಿಧಾನಕ್ಕೆ ನಡೆಯುತ್ತಿದ್ದರು.

ಆಡುವ ಕಾಲದಲ್ಲಿ ಇವರದೇನೂ ದೊಡ್ಡ ಹೆಸರಲ್ಲ. 1978ರಿಂದ 1987ರ ನಡುವೆ ಹ್ಯೂಸ್ಟನ್, ನ್ಯೂಯಾರ್ಕ್ ಮೆಟ್ಸ್, ಸ್ಯಾನ್ ಡಿಯಾಗೋ ತಂಡಗಳಲ್ಲಿ ಕ್ಯಾಚರ್ ಆಗಿದ್ದರು, ಅದೂ ಹೆಚ್ಚಾಗಿ ಬದಲಿ ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಇಡೀ ಮೈದಾನ ಕಣ್ಣೆದುರಿಗೇ ಇರುತ್ತೆ. ಒಟ್ಟು ಆಡಿದ್ದು 358 ಮ್ಯಾಚು. ಜಾಸ್ತಿ ಬೆಂಚು ಕಾದವರಿಗೆ ಹೊರಗೆ ಕೂತವನ ಸಂಕಟ ಗೊತ್ತಿರುತ್ತೆ ಅಲ್ವಾ? ಇದೇ ಮನುಷ್ಯ 2010, 2012, 2014ರಲ್ಲಿ ಜೈಂಟ್ಸ್‌ಗೆ ಮೂರು ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ಬೇಸ್‌ಬಾಲ್ ಲೀಗಿನ ಫೈನಲ್, ಗೆಲ್ಲಿಸಿಕೊಟ್ಟರು.

ಅವತ್ತು ಎದುರಾಳಿ ಡಾಡ್ಜರ್ಸ್, ಜೈಂಟ್ಸ್‌ನ ಹಳೇ ವೈರಿ. ಮ್ಯಾಚು ಕೈಬಿಟ್ಟು ಹೋಗುತ್ತಿತ್ತು. ಐದನೇ ಇನಿಂಗ್ಸ್‌ನಲ್ಲಿ ಬೋಚಿ ಬ್ಯಾಟ್ ಮಾಡಲು ಮ್ಯಾಡಿಸನ್ ಬಮ್‌ಗಾರ್ನರ್‌ನ ಕಳಿಸಿದರು. ಇವನು ಪಿಚರ್! ಎದುರಿಗೆ ಕ್ಲೇಟನ್ ಕರ್ಷಾ, ಅವನೂ ದೊಡ್ಡ ಪಿಚರ್. 2014ರ ವರ್ಲ್ಡ್ ಸೀರೀಸ್‌ನ ಏಳನೇ ಮ್ಯಾಚಿನಲ್ಲಿ ಎರಡೇ ದಿನದ ವಿಶ್ರಾಂತಿ ಮೇಲೆ ಬಂದು ಐದು ಇನಿಂಗ್ಸ್ ಪಿಚ್ ಮಾಡಿ ಕಪ್ ಉಳಿಸಿದವನು ಈ ಬಮ್‌ಗಾರ್ನರ್, ಅವನ ಕಾಂಟ್ರಾಕ್ಟೂ ಮುಗಿಯುವುದರಲ್ಲಿತ್ತು. ಜನ ಎದ್ದು ನಿಂತು ಕೂಗಿದ್ದೇ ಕೂಗಿದ್ದು. ಅವನು ಔಟಾದ, ಅದಕ್ಕೂ ಚಪ್ಪಾಳೆ. ಗೆಳೆಯನ ಮಡಿಲಲ್ಲಿ ಬೆಳ್ಳುಳ್ಳಿ ಫ್ರೈಸ್ ಆರಿ ತಣ್ಣಗಾಗಿತ್ತು, ಇಬ್ಬರಿಗೂ ಅದರ ಜ್ಞಾಪಕವೇ ಇಲ್ಲ. ಗೆಲ್ಲುವ ಲೆಕ್ಕ ಬಿಟ್ಟು, ಹುಡುಗನಿಗೊಂದು ಬೀಳ್ಕೊಡುಗೆ ಸಿಗಲಿ ಅಂತ ಕಳಿಸಿದ್ದರು ಅಂತಲೇ ನನಗನ್ನಿಸಿದ್ದು.

0–9ರಲ್ಲಿ ಸೋತರೂ ಮನೆಗೆ ಹೋಗುವ ಆತುರ ಯಾರಿಗೂ ಇದ್ದ ಹಾಗಿರಲಿಲ್ಲ. ಆಮೇಲೆ ಮೂರೂ ಕಪ್ಪಿನ ತಂಡಗಳ ಹಳೇ ಆಟಗಾರರು ಮೈದಾನಕ್ಕೆ ಬಂದರು. ಎಷ್ಟೋ ಕಾಲದಿಂದ ಎಲ್ಲೂ ಕಾಣಿಸಿಕೊಳ್ಳದ ಟಿಮ್ ಲಿನ್ಸೆಕಮ್ ಕೂಡ ಬಂದಾಗ ಗೆಳೆಯನ ಗಂಟಲು ಕಟ್ಟಿಹೋಗಿತ್ತು.

ಅಲ್ಲಿಗೆ ಮುಗೀತು ಅಂದುಕೊಂಡರೆ, 2023ರಲ್ಲಿ ಬೋಚಿ ಟೆಕ್ಸಸ್ ರೇಂಜರ್ಸ್‌ನ ಮ್ಯಾನೇಜರಾಗಿ ವಾಪಸ್ ಬಂದು, ಅದೇ ವರ್ಷ ಆ ತಂಡಕ್ಕೆ ಮೊಟ್ಟಮೊದಲ ವರ್ಲ್ಡ್ ಸೀರೀಸ್ ಗೆಲ್ಲಿಸಿಬಿಟ್ಟರು. ಖುಷಿಪಡಬೇಕೋ ಹೊಟ್ಟೆ ಉರಿದುಕೊಳ್ಳಬೇಕೋ ತಿಳಿಯದೆ ಗೆಳೆಯ ರಾತ್ರೋರಾತ್ರಿ ಫೋನ್ ಮಾಡಿ ಅರ್ಧ ಗಂಟೆ ತಲೆ ತಿಂದ.